ಅಭಿಮಾನಿಯ ಕೈಗೆ ಬಂದ ಕ್ಯಾಮೆರಾ

2023ರ ನವೆಂಬರ್‌ನಲ್ಲಿ ಒಂದು ವಿಡಿಯೊ ದೇಶದ ತುಂಬಾ ಹರಿದಾಡಿತು. ಲಿಫ್ಟ್ ಒಳಗೆ ಬರುವ ಹುಡುಗಿಯ ಮುಖ ರಶ್ಮಿಕಾ ಮಂದಣ್ಣ ಅವರದು. ಆದರೆ ಆ ಹುಡುಗಿ ರಶ್ಮಿಕಾ ಅಲ್ಲ. ಬ್ರಿಟನ್ನಿನ ಬೇರೊಬ್ಬ ಯುವತಿಯ ವಿಡಿಯೊಗೆ ಯಾರೋ ಕಂಪ್ಯೂಟರ್‌ನಲ್ಲಿ ನಮ್ಮ ವಿರಾಜಪೇಟೆಯ ನಟಿಯ ಮುಖ ಕೂರಿಸಿದ್ದರು. ಅಮಿತಾಭ್ ಬಚ್ಚನ್ ಕಾನೂನು ಕ್ರಮ ಆಗಬೇಕು ಅಂದರು. ಕೇಂದ್ರ ಸರ್ಕಾರ ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತು. ದೆಹಲಿ ಪೊಲೀಸರು ಹುಡುಕುತ್ತಾ ಹೋಗಿ, 2024ರ ಜನವರಿಯಲ್ಲಿ ಆಂಧ್ರದಲ್ಲಿ ಒಬ್ಬ ಯುವಕನನ್ನು ಹಿಡಿದರು.

ಹಿಡಿದ ಮೇಲೆ ಗೊತ್ತಾಗಿದ್ದೇ ನಿಜವಾದ ಸುದ್ದಿ. ಅವನು ರಶ್ಮಿಕಾ ಮೇಲೆ ದ್ವೇಷ ಇಟ್ಟುಕೊಂಡವನಲ್ಲ, ದುಡ್ಡಿಗಾಗಿ ಹೆದರಿಸಿದವನೂ ಅಲ್ಲ. ಪೊಲೀಸರು ಹೇಳಿದ ಪ್ರಕಾರ ಅವನು ರಶ್ಮಿಕಾ ಹೆಸರಿನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಫ್ಯಾನ್ ಪೇಜ್ ನಡೆಸುತ್ತಿದ್ದ ಅಭಿಮಾನಿ. ಪೇಜಿಗೆ ಫಾಲೋವರ್ಸ್ ಜಾಸ್ತಿ ಆಗಲಿ ಅಂತ ಈ ಕೆಲಸ ಮಾಡಿದ್ದ. ಲೆಕ್ಕ ತಪ್ಪಲಿಲ್ಲ. ಎರಡು ವಾರದಲ್ಲಿ ಸುಮಾರು 90 ಸಾವಿರ ಇದ್ದ ಫಾಲೋವರ್ಸ್ ಒಂದು ಲಕ್ಷ ದಾಟಿದ್ದರು.

ಅಭಿಮಾನಿಯೊಬ್ಬ ತಾನು ಮೆಚ್ಚುವ ನಟಿಯನ್ನೇ ಬಲಿ ಕೊಟ್ಟು ತನ್ನ ಪೇಜ್ ಬೆಳೆಸಿಕೊಳ್ಳುವ ಕಾಲ ಹೇಗೆ ಬಂತು? ಸ್ಟಾರ್‌ಗಳು ಬದಲಾದರು, ಹಿಂದಿನ ಗಾಂಭೀರ್ಯ ಈಗಿಲ್ಲ ಅಂತ ನಾವು ಗೊಣಗುವುದೇನೋ ಇದ್ದೇ ಇದೆ. ನನಗನ್ನಿಸುವುದು ಬೇರೆ. ಸ್ಟಾರ್‌ಗಿಂತ ಹೆಚ್ಚು ಬದಲಾಗಿರುವುದು ಅಭಿಮಾನಿಯ ಕೆಲಸ. ಮೊದಲು ಅವನು ನೋಡುವವನಾಗಿದ್ದ. ಈಗ ಅವನೇ ಪತ್ರಿಕೆ, ಅವನೇ ಪೋಸ್ಟರ್ ಅಂಟಿಸುವವನು, ಅವನೇ ಚಾನೆಲ್. ಅದಕ್ಕೆ ತಕ್ಕಂತೆ ಅವನಿಗೂ ಒಂದು ಮಾರುಕಟ್ಟೆ ಇದೆ.

ದನಿ ಊರು ಬಿಟ್ಟು ಹೊರಟಿದ್ದು

ಮೈಸೂರಿನಿಂದಲೇ ಶುರು ಮಾಡೋಣ. 1930ರ ಜನವರಿ 17ರಂದು ಅಲ್ಲಿ ಒಬ್ಬ ಗಾಯಕಿ ತೀರಿಕೊಂಡರು. ಹೆಸರು ಗೌಹರ್ ಜಾನ್. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದರು. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯವರು ಭಾರತದ ದನಿಗಳನ್ನು ಹಿಡಿಯಲು ಬಂದಾಗ ಹಾಡಿದವರಲ್ಲಿ ಇವರೇ ಮುಖ್ಯರು. ಮೂರು ನಿಮಿಷದ ತಟ್ಟೆಗೆ ರಾಗವನ್ನು ಅಡಕ ಮಾಡಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಜಂಬಕ್ಕಲ್ಲ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಯಾರ ಹಾಡಿಗೆ ಯಾವ ಲೇಬಲ್ ಅಂಟಿಸಬೇಕು ಅಂತ ಅಲ್ಲಿಯವರಿಗೆ ಗೊತ್ತಾಗಬೇಕಿತ್ತಲ್ಲ, ಅದಕ್ಕೆ.

ಅಲ್ಲಿಯವರೆಗೆ ಹಾಡುಗಾರರು ಹೋದ ಕಡೆಗೆ ಮಾತ್ರ ಅವರ ಹೆಸರು ಹೋಗುತ್ತಿತ್ತು. ಈಗ ದನಿ ಮೊದಲು ಹೋಯಿತು, ಮನುಷ್ಯರನ್ನು ಯಾರೂ ನೋಡಿಯೇ ಇರಲಿಲ್ಲ. ಗೌಹರ್ ಜಾನ್ ಚಿತ್ರ ಪೋಸ್ಟ್‌ಕಾರ್ಡ್ ಮೇಲೆ ಬಂತು, ಬೆಂಕಿಪೊಟ್ಟಣದ ಮೇಲೂ ಬಂತು. ಅದಾಗಿ ಕೆಲವು ದಶಕಗಳಲ್ಲಿ ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಅದೇ ದಾರಿಯಲ್ಲಿ ಬೊಂಬಾಯಿ ಸಿನಿಮಾದ ದೊಡ್ಡ ದನಿಯಾದರು. ಊರಿನ ಹೆಸರೇ ಬೇಡ, ‘ಕರ್ನಾಟಕಿ’ ಅಂದರೆ ಸಾಕಿತ್ತು.

ಈ ಕಡೆ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳು ಊರೂರು ಸುತ್ತಿ, ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಜನರನ್ನು ಬೆರಗುಗೊಳಿಸುತ್ತಿದ್ದವು. ಗುಬ್ಬಿ ವೀರಣ್ಣ ಹೆಸರಿಗೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಆದರೆ ಕ್ಯಾಂಪ್ ಮುಗಿದರೆ ನಟ ಹೋದ, ನೆನಪು ಮಾತ್ರ ಉಳಿಯಿತು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಬಂದ ಮೇಲೆ ಆ ಮಿತಿಯೂ ಹೋಯಿತು. ಒಬ್ಬನೇ ನಟ ಒಂದೇ ಸಂಜೆ ಹತ್ತು ಊರಲ್ಲಿ ಕಾಣಿಸಿಕೊಳ್ಳಬಹುದಾಯಿತು.

ದೂರ ಇದ್ದುದೇ ಬಂಡವಾಳ

ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಮುಂದಿನ ಐವತ್ತು ವರ್ಷದ ಕತೆ ಎಲ್ಲರಿಗೂ ಗೊತ್ತು. ಆ ಕತೆಯಲ್ಲಿ ಮೀಡಿಯಾ ಎಷ್ಟು ಕಡಿಮೆ ಇತ್ತು ಅನ್ನುವುದನ್ನು ಮಾತ್ರ ನಾವು ಗಮನಿಸುವುದಿಲ್ಲ.

ಯೋಚಿಸಿ ನೋಡಿ. 1970ರ ದಶಕದಲ್ಲಿ ಶಿರಾದಲ್ಲೋ ಸಿಂಧನೂರಲ್ಲೋ ಇರುವ ಅಭಿಮಾನಿಗೆ ಅಣ್ಣಾವ್ರು ಸಿಗುತ್ತಿದ್ದ ದಾರಿಗಳು ಎಷ್ಟು? ಥಿಯೇಟರಿನ ಪರದೆ. ಗೋಡೆಯ ಮೇಲಿನ ಪೋಸ್ಟರ್. ರೇಡಿಯೊದಲ್ಲಿ ಚಿತ್ರಗೀತೆ. ‘ರೂಪತಾರಾ’, ‘ವಿಜಯಚಿತ್ರ’ದಂಥ ಪತ್ರಿಕೆಗಳು, ಅದೂ ಕ್ಷೌರದಂಗಡಿಗೆ ಬಂದರೆ. ಇಷ್ಟೇ. ಪ್ರಿಂಟು ಕಡಿಮೆ ಇದ್ದುದರಿಂದ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಿಡುಗಡೆಯಾದ ಸಿನಿಮಾ ತಾಲ್ಲೂಕು ಕೇಂದ್ರಕ್ಕೆ ಬರುವಾಗ ತಿಂಗಳುಗಳೇ ಕಳೆಯುತ್ತಿದ್ದವು. ಟೆಂಟ್ ಸಿನಿಮಾಕ್ಕೆ ಬರುವಷ್ಟರಲ್ಲಿ ರೀಲು ಸವೆದು ಮಳೆ ಸುರಿದಂತೆ ಗೆರೆಗಳು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಥಿಯೇಟರ್‌ನಲ್ಲಿ ವರ್ಷಕ್ಕೂ ಮೀರಿ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಹಿಂದಿರುಗಿದ ಯುವಕರ ಕತೆಗಳನ್ನು ಇವತ್ತಿಗೂ ಜನ ಹೇಳುತ್ತಾರೆ.

ಈ ಬರದಲ್ಲಿ ಸಿಕ್ಕ ತುಣುಕನ್ನೇ ಅಭಿಮಾನಿ ಮನಸ್ಸಿನಲ್ಲಿ ಬೆಳೆಸಿಕೊಳ್ಳುತ್ತಿದ್ದ. ಅಣ್ಣಾವ್ರು ಮನೆಯಲ್ಲಿ ಏನು ತಿಂದರು, ಯಾರ ಜೊತೆ ಮುನಿಸಿಕೊಂಡರು ಅಂತ ಗೊತ್ತಿರಲಿಲ್ಲ. ಪರದೆಯ ಮೇಲೆ ಅವರು ಕುಡಿಯಲಿಲ್ಲ, ಸೇದಲಿಲ್ಲ. ಮಾಡಿದ ಜಾಹೀರಾತು ಅಂದರೆ ನಂದಿನಿ ಹಾಲಿಗೆ, ಅದೂ ಹಣ ಪಡೆಯದೆ. ‘ಅಭಿಮಾನಿ ದೇವರುಗಳೇ’ ಅಂತ ಅವರು ಕೈಮುಗಿದರೆ ಅದು ವರ್ಷಕ್ಕೆ ಒಂದೆರಡು ಸಲ, ದೊಡ್ಡ ಮೈದಾನದಲ್ಲಿ. ಅಪರೂಪವಾದ್ದರಿಂದಲೇ ಅದಕ್ಕೆ ತೂಕ.

ಆಗಲೂ ಅಭಿಮಾನಿಗಳು ಸುಮ್ನೆ ಕೂತವರಲ್ಲ. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದ ಮೇಲೆ ಅದು ಸಾಹಿತಿಗಳ ಚಳವಳಿಯಾಗಿ ಉಳಿಯಲಿಲ್ಲ, ಜನರ ಚಳವಳಿಯಾಯಿತು. ಅಭಿಮಾನಿ ಸಂಘಗಳು ಊರೂರಲ್ಲಿ ಬೋರ್ಡು ಹಾಕಿದವು. ಈ ಸಂಘಗಳಿಗೆ ಒಬ್ಬ ಅಧ್ಯಕ್ಷ ಇರುತ್ತಿದ್ದ, ಕಾರ್ಯದರ್ಶಿ ಇರುತ್ತಿದ್ದ, ರಸೀದಿ ಪುಸ್ತಕ ಇರುತ್ತಿತ್ತು. ಗಲಾಟೆ ಆದರೆ ಪೊಲೀಸರು ಯಾರನ್ನು ಕರೆಯಬೇಕು ಅಂತ ಗೊತ್ತಿರುತ್ತಿತ್ತು. ಇವತ್ತಿನ ಪರಿಸ್ಥಿತಿ ಅರ್ಥವಾಗಬೇಕಾದರೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಂತ ಆ ಕಾಲ ಚೆನ್ನಾಗಿತ್ತು ಅಂತಲ್ಲ. ಸುದ್ದಿ ಕಡಿಮೆ ಇದ್ದ ಕಡೆ ಗಾಳಿಸುದ್ದಿಗೆ ಆಯಸ್ಸು ಜಾಸ್ತಿ. ರಾಜ್‌ಕುಮಾರ್, ವಿಷ್ಣುವರ್ಧನ್ ಒಟ್ಟಿಗೆ ನಟಿಸಿದ 1973ರ ‘ಗಂಧದ ಗುಡಿ’ ಶೂಟಿಂಗ್‌ನಲ್ಲಿ ಬಂದೂಕಿನೊಳಗೆ ನಿಜವಾದ ಗುಂಡು ಇತ್ತಂತೆ ಅನ್ನುವ ಮಾತು ಹುಟ್ಟಿತು. ಬಾಯಿಂದ ಬಾಯಿಗೆ ಹರಡಿ ವಿಷ್ಣುವರ್ಧನ್ ಬದುಕಿನ ಕೊನೆಯವರೆಗೂ ಅವರನ್ನು ಕಾಡಿತು. ಅವರು ಕಲ್ಲೇಟಿನ ಭಯವನ್ನೂ ಅನುಭವಿಸಿದರು. ಅಲ್ಲಗಳೆಯಲು ಅವರಿಗೆ ವೇದಿಕೆಯೇ ಇರಲಿಲ್ಲ. ಇವತ್ತಾಗಿದ್ದರೆ ಅರ್ಧ ಗಂಟೆಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಒಂದು ಲೈವ್ ಮಾಡಿ ಮುಗಿಸುತ್ತಿದ್ದರೇನೋ. ಅಥವಾ ಅರ್ಧ ಗಂಟೆಯಲ್ಲಿ ಹತ್ತು ಪಟ್ಟು ಹಬ್ಬುತ್ತಿತ್ತೇನೋ.

2000ದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಆ 108 ದಿನ ಇಡೀ ರಾಜ್ಯ ಉಸಿರು ಬಿಗಿಹಿಡಿದು ಕಾದಿದ್ದು ಕಾಡಿನಿಂದ ಬರುವ ಆಡಿಯೊ ಕ್ಯಾಸೆಟ್‌ಗಳಿಗೆ. ಅಷ್ಟು ದೊಡ್ಡ ಸುದ್ದಿ, ಆದರೆ ನೋಡಲು ಸಿಕ್ಕ ದೃಶ್ಯ ಬಹಳ ಕಡಿಮೆ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರು ಹೊತ್ತಿ ಉರಿಯಿತು. ಅಂತಿಮ ದರ್ಶನ ಸಿಗದ ಜನ ರೊಚ್ಚಿಗೆದ್ದರು, ಸಾವುಗಳಾದವು, ಒಬ್ಬ ಪೊಲೀಸ್ ಸಿಬ್ಬಂದಿಯೂ ಜೀವ ಕಳೆದುಕೊಂಡರು. ಮುಖ ನೋಡುವುದು ಅಷ್ಟು ಅಪರೂಪವಾಗಿದ್ದ ಕಾಲದ ಕೊನೆಯ ದೊಡ್ಡ ಸ್ಫೋಟ ಅದು ಅಂತ ನನಗನ್ನಿಸುತ್ತದೆ.

ಹಾಲ್‌ಗೆ ಬಂದ ಸ್ಟಾರ್

ಟಿವಿ ಬಂದ ಮೇಲೆ ದೂರ ಕಮ್ಮಿಯಾಯಿತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ, 2006ರಲ್ಲಿ ಜೀ ಕನ್ನಡ. ಥಿಯೇಟರಿನ ಕತ್ತಲೆಯಲ್ಲಿ ತಲೆಯೆತ್ತಿ ನೋಡುತ್ತಿದ್ದ ಮುಖವನ್ನು ಈಗ ಮನೆಯ ಹಾಲ್‌ನಲ್ಲಿ ಅವರೆಕಾಳು ಬಿಡಿಸುತ್ತಾ ನೋಡಬಹುದಿತ್ತು. ಸೀರಿಯಲ್ ನಟಿ ದಿನಾ ಬರುತ್ತಾಳೆ, ನೆಂಟರಿಗಿಂತ ಹೆಚ್ಚು ಬರುತ್ತಾಳೆ. ಅವಳ ನಿಜವಾದ ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ, ಪಾತ್ರದ ಹೆಸರಿನಿಂದಲೇ ಕರೆಯುತ್ತಾರೆ. ಟಿ.ಎನ್. ಸೀತಾರಾಮ್ ಅವರನ್ನು ಇವತ್ತಿಗೂ ‘ಸಿಎಸ್‌ಪಿ’ ಅನ್ನುವವರಿದ್ದಾರೆ. ಇದು ಹೊಸ ಬಗೆಯ ಖ್ಯಾತಿ. ಭಕ್ತಿ ಕಡಿಮೆ, ಸಲಿಗೆ ಜಾಸ್ತಿ. ಮಾರ್ಕೆಟ್‌ನಲ್ಲಿ ಸಿಕ್ಕ ನಟಿಗೆ ‘ನಿಮ್ಮ ಅತ್ತೆಗೆ ಯಾಕೆ ಹಂಗಂದ್ರಿ?’ ಅಂತ ಜಗಳ ತೆಗೆಯುವಷ್ಟು.

ಯಶ್ ಇಂಥ ಸೀರಿಯಲ್‌ನಿಂದಲೇ ಬಂದವರು. ಅಪ್ಪ ಬಸ್ ಡ್ರೈವರ್, ಮಗ ಕಿರುತೆರೆಯಿಂದ ಹಿರಿತೆರೆಗೆ ಹೋಗಿ ‘ಕೆಜಿಎಫ್’ ಮೂಲಕ ದೇಶದ ಸ್ಟಾರ್. ಇನ್ನೊಂದು ಕಡೆಯಿಂದ ದೊಡ್ಡ ತೆರೆಯವರು ಕಿರುತೆರೆಗೆ ಇಳಿದರು. 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ನಡೆಸಿಕೊಟ್ಟಾಗ ಹಳ್ಳಿಯ ಟೀಚರ್, ಆಟೊ ಡ್ರೈವರ್ ಎದುರು ಕೂತು ಅವರ ಕಷ್ಟ ಕೇಳಿದರು. ಅಪ್ಪನ ಕಾಲದಲ್ಲಿ ಅಭಿಮಾನಿ ಸ್ಟಾರ್‌ನ ಮಾತು ಕೇಳುತ್ತಿದ್ದ, ಮಗನ ಕಾಲಕ್ಕೆ ಸ್ಟಾರ್ ಅಭಿಮಾನಿಯ ಮಾತು ಕೇಳುವಂತಾಯಿತು. ಅಪ್ಪು ಮೇಲಿನ ಪ್ರೀತಿ ಅಷ್ಟು ಆಳಕ್ಕೆ ಇಳಿದದ್ದರಲ್ಲಿ ಈ ಕಾರ್ಯಕ್ರಮದ ಪಾಲು ಬಹಳ ಇದೆ.

2006ರಲ್ಲಿ ಟಿವಿ9 ಬಂದ ಮೇಲೆ 24 ಗಂಟೆಯ ಸುದ್ದಿಗೆ ಹೊಟ್ಟೆ ತುಂಬಿಸಬೇಕಾಯಿತು. ನಟರ ಮನೆಜಗಳ, ವಿಚ್ಛೇದನ, ಆಸ್ತಿ ತಕರಾರು ಎಲ್ಲವೂ ಬ್ರೇಕಿಂಗ್ ನ್ಯೂಸ್ ಆದವು. ಆಂಕರ್‌ಗಳೇ ಸ್ಟಾರ್‌ಗಳಾದರು. 2013ರಲ್ಲಿ ಸುದೀಪ್ ಜೊತೆ ಕನ್ನಡದ ‘ಬಿಗ್ ಬಾಸ್’ ಬಂತು. ಖ್ಯಾತಿಗೆ ನಟನೆ, ಹಾಡು, ಆಟ ಏನಾದರೂ ಒಂದು ಕಸುಬು ಬೇಕು ಅನ್ನುವ ಹಳೆಯ ನಿಯಮ ಅಲ್ಲಿಗೆ ಮುಗಿಯಿತು. ಜಗಳ ಆಡಿದರೂ ಸಾಕು, ಅತ್ತರೂ ಸಾಕು.

ಹತ್ತನೇ ಸೀಸನ್‌ನ ಒಂದು ಘಟನೆಯನ್ನು ಹತ್ತಿರದಿಂದ ನೋಡಿ. ಹಳ್ಳಿಕಾರ್ ಹೋರಿಗಳಿಂದ, ಯೂಟ್ಯೂಬ್‌ನಿಂದ ಹೆಸರಾಗಿದ್ದ ವರ್ತೂರು ಸಂತೋಷ್ ಕುತ್ತಿಗೆಗೆ ಹುಲಿ ಉಗುರಿನ ಪೆಂಡೆಂಟ್ ಹಾಕಿಕೊಂಡು ಮನೆಯೊಳಗೆ ಹೋದರು. ಯಾರೋ ವೀಕ್ಷಕರು ಗಮನಿಸಿದರು, ಅರಣ್ಯ ಇಲಾಖೆಗೆ ದೂರು ಹೋಯಿತು. 2023ರ ಅಕ್ಟೋಬರ್‌ನಲ್ಲಿ ಅಧಿಕಾರಿಗಳು ಬಿಗ್ ಬಾಸ್ ಮನೆಗೇ ಬಂದು ಬಂಧಿಸಿದರು. ಕತೆ ಅಲ್ಲಿಗೆ ನಿಲ್ಲಲಿಲ್ಲ. ಜನ ತಮ್ಮ ಫೋನಿನಲ್ಲಿದ್ದ ಹಳೆಯ ಫೋಟೊ, ವಿಡಿಯೊ ಕೆದಕಿ ಇವರ ಕುತ್ತಿಗೆಯಲ್ಲೂ ಇದೆ, ಅವರ ಕುತ್ತಿಗೆಯಲ್ಲೂ ಇದೆ ಅಂತ ಹಾಕತೊಡಗಿದರು. ದೊಡ್ಡ ದೊಡ್ಡ ನಟರ ಮನೆಗೆ ಅರಣ್ಯ ಅಧಿಕಾರಿಗಳು ಹೋಗಿ ಪೆಂಡೆಂಟ್ ಪರಿಶೀಲಿಸಬೇಕಾಯಿತು. ಸುದ್ದಿ ಮಾಡಿದ್ದು ಚಾನೆಲ್ ಅಲ್ಲ, ನೋಡುತ್ತಾ ಕೂತವರು. ಟಿವಿ ಅದನ್ನು ಹಿಂಬಾಲಿಸಿತು ಅಷ್ಟೇ.

ಡೇಟಾ ಅಗ್ಗವಾದ ಮೇಲೆ

2016ರಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯಿತು. ಟಿಕ್‌ಟಾಕ್ ಬಂತು, 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದಾಯಿತು. ಜನ ಎರಡೇ ವಾರದಲ್ಲಿ ರೀಲ್ಸ್‌ಗೆ ಗಂಟುಮೂಟೆ ಕಟ್ಟಿದರು.

ಈ ಭಾಗದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೆಜೆಸ್ಟಿಕ್, ಗಾಂಧಿನಗರದ ಬಾಗಿಲು ಎಂದೂ ತೆರೆಯದ ಎಷ್ಟೋ ಜನರಿಗೆ ಇದರಿಂದ ದಾರಿಯಾಯಿತು. ಉತ್ತರ ಕರ್ನಾಟಕದ ಮಾತನ್ನು ಕನ್ನಡ ಸಿನಿಮಾ ದಶಕಗಟ್ಟಲೆ ನಗಿಸುವ ಪಾತ್ರಕ್ಕೆ ಮೀಸಲಿಟ್ಟಿತ್ತು. ಯೂಟ್ಯೂಬ್‌ನಲ್ಲಿ ಅದೇ ಮಾತಿನ ಕಾಮಿಡಿ ಚಾನೆಲ್‌ಗಳು ಲಕ್ಷಾಂತರ ವೀಕ್ಷಕರನ್ನು ಸಂಪಾದಿಸಿದವು. ‘ಏನ್ಲೇ ಮಗನ’ ಅಂದರೆ ಅದು ಈಗ ಕತೆಯ ನಾಯಕನ ಮಾತು. ಮಾಳು ನಿಪನಾಳ ಅವರ ‘ನಾ ಡ್ರೈವರಾ’ ಜಾನಪದ ಡಿಜೆ ಹಾಡು ಮದುವೆ ಮೆರವಣಿಗೆಯಿಂದ ಟ್ರ್ಯಾಕ್ಟರ್ ಸ್ಪೀಕರ್‌ವರೆಗೆ ಎಲ್ಲ ಕಡೆ ಬಂತು. ಅದಕ್ಕೆ ಯಾವ ಆಡಿಯೊ ಕಂಪನಿಯ ಅಪ್ಪಣೆಯೂ ಬೇಕಾಗಲಿಲ್ಲ. ಹಾವೇರಿ ಜಿಲ್ಲೆಯ ಕುರಿ ಕಾಯುವ ಹುಡುಗ ಹನುಮಂತ ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಮೆಚ್ಚುಗೆ ಪಡೆದು, 2025ರ ಜನವರಿಯಲ್ಲಿ ‘ಬಿಗ್ ಬಾಸ್’ ಹನ್ನೊಂದನೇ ಸೀಸನ್ ಗೆದ್ದ. ಅವನಿಗೆ ಬಿದ್ದ ವೋಟು 5 ಕೋಟಿಗೂ ಹೆಚ್ಚು ಅಂತ ವೇದಿಕೆಯಲ್ಲೇ ಹೇಳಿದರು. ಒಂದು ಫೋನಿನಿಂದ ಎಷ್ಟು ಸಲ ವೋಟು ಒತ್ತಬಹುದು ಅನ್ನುವುದು ಬೇರೆ ಮಾತು ಬಿಡಿ. ಹೆಬ್ಬೆರಳು ನೋಯುವಷ್ಟು ಒತ್ತುವ ಜನ ಇದ್ದರಲ್ಲ, ಅದು ಮುಖ್ಯ.

ಈ ಹೊಸ ಸ್ಟಾರ್‌ಗಳ ಬದುಕು ಹಳೆಯ ಸ್ಟಾರ್‌ಗಳಂತಲ್ಲ. ನಿರ್ಮಾಪಕ ಇಲ್ಲ, ಪಿಆರ್‌ಒ ಇಲ್ಲ. ಒಂದು ವಾರ ವಿಡಿಯೊ ಹಾಕದಿದ್ದರೆ ಅಲ್ಗಾರಿದಂ ಮರೆಯುತ್ತದೆ. ಆದಾಯ ಬರುವುದು ಯೂಟ್ಯೂಬ್ ಕೊಡುವ ದುಡ್ಡಿಗಿಂತ ಅಂಗಡಿ ಉದ್ಘಾಟನೆ, ಜಾತ್ರೆಯ ವೇದಿಕೆ, ಸೀರೆ ಅಂಗಡಿಯ ‘ಪ್ರಮೋಷನ್’ನಿಂದ. ಬೆಟ್ಟಿಂಗ್ ಆ್ಯಪ್‌ಗಳ ಜಾಹೀರಾತೂ ಇದೇ ದಾರಿಯಲ್ಲಿ ಹಳ್ಳಿಹಳ್ಳಿಗೆ ಬಂತು. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಕಾನೂನು ತಂದು ನಿಷೇಧಿಸಿತು. ದುಡ್ಡು ಪಡೆದು ಹೊಗಳುತ್ತಿದ್ದೇನೆ ಅನ್ನುವುದನ್ನು ಇನ್‌ಫ್ಲುಯೆನ್ಸರ್‌ಗಳು ಎದ್ದು ಕಾಣುವಂತೆ ಹೇಳಬೇಕು ಅನ್ನುವ ನಿಯಮವೂ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ರೀಲ್ ಕೆಳಗಿನ ಸಣ್ಣ ಅಕ್ಷರದಲ್ಲಿ ‘ಪೇಡ್’ ಅನ್ನುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಪೇಜ್ ನಡೆಸುವವನ ದಿನಚರಿ

ಈಗ ಅಭಿಮಾನಿಯ ಕಡೆ ಬರೋಣ. ದೊಡ್ಡ ನಟನ ಹುಟ್ಟುಹಬ್ಬ ಅಂದರೆ ಮೊದಲು ಕಟೌಟ್, ಹಾಲಿನ ಅಭಿಷೇಕ, ಅನ್ನದಾನ. ಈಗ ಅದರ ಜೊತೆಗೆ ಇನ್ನೊಂದು ದೊಡ್ಡ ಕೆಲಸ ಫೋನಿನಲ್ಲಿ ನಡೆಯುತ್ತದೆ. ವಾರಕ್ಕೆ ಮುಂಚೆ ಎಲ್ಲ ಪೇಜ್‌ನವರೂ ಸೇರಿ ‘ಸಿಡಿಪಿ’ ಸಿದ್ಧ ಮಾಡುತ್ತಾರೆ. ಅಂದರೆ ಎಲ್ಲ ಅಭಿಮಾನಿಗಳೂ ಒಟ್ಟಿಗೆ ಹಾಕಿಕೊಳ್ಳುವ ಒಂದೇ ಡಿಪಿ. ಇಂತಿಷ್ಟು ಗಂಟೆಗೆ ಟ್ಯಾಗ್ ಶುರು. ಎಷ್ಟು ಲಕ್ಷ ಟ್ವೀಟ್ ಆಯಿತು ಅಂತ ಸ್ಕ್ರೀನ್‌ಶಾಟ್. ಎದುರು ನಟನ ಟ್ಯಾಗ್ ಹೋದ ವರ್ಷ ಎಷ್ಟಾಗಿತ್ತು ಅಂತ ಹೋಲಿಕೆ. ಟೀಸರ್ ಬಂದ ಹತ್ತು ನಿಮಿಷದಲ್ಲಿ ಅದರ ತುಣುಕಿಗೆ ಬೇರೆ ಬಿಜಿಎಂ ಹಾಕಿ ‘ಎಡಿಟ್’. ಚೆನ್ನಾಗಿದ್ದರೆ ಚಿತ್ರತಂಡವೇ ಅದನ್ನು ಶೇರ್ ಮಾಡುತ್ತದೆ, ಆ ಪೇಜ್‌ಗೆ ಅದೇ ಪ್ರಶಸ್ತಿ. ಸಿನಿಮಾ ಬಿದ್ದರೆ ‘ಪೇಡ್ ರಿವ್ಯೂ’ ಅಂತ ಬಯ್ಯುವುದು, ಎದುರಿನವರ ಸಿನಿಮಾಕ್ಕೆ ಒಂದು ಸ್ಟಾರ್ ಒತ್ತುವುದು. ಈ ಹಾವಳಿ ಎಷ್ಟಾಗಿದೆ ಅಂದರೆ 2025ರ ಡಿಸೆಂಬರ್‌ನಲ್ಲಿ ದರ್ಶನ್ ಅವರ ‘ದಿ ಡೆವಿಲ್’ ಬಿಡುಗಡೆಯಾದಾಗ ಕೋರ್ಟ್ ಆದೇಶದ ಮೇಲೆ ಬುಕ್‌ಮೈಶೋನಲ್ಲಿ ಅದರ ರೇಟಿಂಗ್, ವಿಮರ್ಶೆಯನ್ನೇ ಮುಚ್ಚಲಾಗಿತ್ತು. ಅಭಿಪ್ರಾಯ ಹೇಳುವ ಜಾಗವೇ ಯುದ್ಧಭೂಮಿಯಾದರೆ ಇನ್ನೇನು ಮಾಡುತ್ತಾರೆ, ಅಲ್ವಾ? ಆದರೆ ಟಿಕೆಟ್‌ಗೆ ಮುನ್ನೂರು ರೂಪಾಯಿ ಕೊಟ್ಟವನ ಪ್ರಾಮಾಣಿಕ ಮಾತೂ ಅದರ ಜೊತೆಗೇ ಮುಚ್ಚಿಹೋಯಿತು.

ಇದನ್ನೆಲ್ಲ ಮಾಡುವವನಿಗೆ ಸಂಬಳ ಇಲ್ಲ. ಆದರೆ ಲಾಭ ಇದೆ. ಫಾಲೋವರ್ಸ್ ಲಕ್ಷ ದಾಟಿದರೆ ಬೇರೆ ಸಿನಿಮಾದವರು ದುಡ್ಡು ಕೊಟ್ಟು ಪೋಸ್ಟ್ ಹಾಕಿಸುತ್ತಾರೆ. ಪೇಜ್ ಮಾರುವವರೂ ಇದ್ದಾರೆ. ಅಂದಮೇಲೆ ಅಭಿಮಾನ ತಣ್ಣಗಿದ್ದರೆ ನಷ್ಟ, ಕುದಿಯುತ್ತಿದ್ದರೆ ಲಾಭ. ಜಗಳಕ್ಕೆ ಬರುವಷ್ಟು ಕಮೆಂಟು ಹೊಗಳಿಕೆಗೆ ಬರುವುದಿಲ್ಲ. ಫ್ಯಾನ್ ವಾರ್‌ಗಳ ಹಿಂದೆ ಬರೀ ಭಾವನೆ ಇದೆ ಅಂದುಕೊಂಡವರು ಈ ಲೆಕ್ಕವನ್ನು ಮರೆಯುತ್ತಾರೆ.

2017ರ ಮಾರ್ಚ್‌ನಲ್ಲಿ ದರ್ಶನ್ ಒಂದು ಟ್ವೀಟ್ ಹಾಕಿ ತಾನೂ ಸುದೀಪ್ ಇನ್ನು ಸ್ನೇಹಿತರಲ್ಲ ಅಂದರು. ಇಬ್ಬರ ನಡುವೆ ಏನಾಯಿತು ಅನ್ನುವುದು ಅವರ ವಿಷಯ. ಆದರೆ ಆ ಒಂದು ಸಾಲಿನ ಮೇಲೆ ಅಭಿಮಾನಿ ಪೇಜ್‌ಗಳು ಇಷ್ಟು ವರ್ಷ ಬದುಕಿವೆ.

2024ರ ಜೂನ್‌ನಲ್ಲಿ ಬಂದ ಪ್ರಕರಣ ಮಾತ್ರ ಮಾತನ್ನೇ ಬದಲಿಸಿತು. ಪೊಲೀಸರ ಆರೋಪದ ಪ್ರಕಾರ, ಚಿತ್ರದುರ್ಗದ ಒಬ್ಬ ಅಭಿಮಾನಿ ದರ್ಶನ್ ಗೆಳತಿಯ ಇನ್‌ಸ್ಟಾಗ್ರಾಂಗೆ ಅಶ್ಲೀಲ ಸಂದೇಶ ಕಳಿಸಿದ್ದ, ಅವನನ್ನು ಬೆಂಗಳೂರಿಗೆ ಕರೆತಂದು ಕೊಲ್ಲಲಾಯಿತು. ದರ್ಶನ್ ಮತ್ತು ಇತರರ ಬಂಧನವಾಯಿತು. ಸಿಕ್ಕ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ನಾನು ಹೇಳಲು ಹೊರಟಿರುವುದು ಸುತ್ತ ನಡೆದದ್ದನ್ನು. ಸಂದೇಶ ಕಳಿಸಿದವನಿಗೆ ತಾನು ನಟನ ಮನೆಯೊಳಗಿನ ವಿಷಯದಲ್ಲಿ ಕೈ ಹಾಕಬಹುದು ಅನ್ನಿಸಿದ್ದೇ ಈ ಕಾಲದ ಲಕ್ಷಣ. ಶಿರಾದ ಅಭಿಮಾನಿಗೆ ಅಣ್ಣಾವ್ರ ಮನೆಯ ಯಾರಿಗೂ ನೇರವಾಗಿ ಮೆಸೇಜ್ ಹಾಕುವ ದಾರಿ ಇರಲಿಲ್ಲ. ಜೈಲಿನಲ್ಲಿ ದರ್ಶನ್‌ಗೆ ಕೊಟ್ಟ ಕೈದಿ ನಂಬರ್ 6106 ಬೈಕ್‌ಗಳ ಮೇಲೆ ಸ್ಟಿಕ್ಕರ್ ಆಯಿತು. ಪುಟ್ಟ ಮಗುವಿಗೆ ಕೈದಿಯ ಬಟ್ಟೆ ಹಾಕಿ ಅದೇ ನಂಬರ್ ಬರೆದು ಫೋಟೊಶೂಟ್ ಮಾಡಿದವರೂ ಇದ್ದರು. ಪರಪ್ಪನ ಅಗ್ರಹಾರ ಜೈಲಿನ ಹುಲ್ಲಿನ ಮೇಲೆ ದರ್ಶನ್ ಕುರ್ಚಿ ಹಾಕಿ, ಕೈಯಲ್ಲಿ ಸಿಗರೇಟ್ ಹಿಡಿದು ಕೂತ ಫೋಟೊ ಹೊರಬಂದಾಗ ಅದು ಜೈಲು ಆಡಳಿತದ ಹಗರಣವಾಯಿತು, ಅವರನ್ನು ಬಳ್ಳಾರಿಗೆ ಸಾಗಿಸಲಾಯಿತು. ಅಭಿಮಾನಿ ಪೇಜ್‌ಗಳಿಗೆ ಮಾತ್ರ ಅದು ಹೊಸ ಪೋಸ್ಟರ್.

2025ರ ಜುಲೈನಲ್ಲಿ ನಟಿ ರಮ್ಯಾ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಡಿದ ಮಾತಿನ ಸುದ್ದಿ ಹಂಚಿಕೊಂಡರು. ಅಷ್ಟಕ್ಕೇ ಅವರ ಖಾತೆಗೆ ಅತ್ಯಾಚಾರದ ಬೆದರಿಕೆ, ಹೊಲಸು ಬೈಗುಳಗಳ ಮಳೆ. ಅವರು 40ಕ್ಕೂ ಹೆಚ್ಚು ಖಾತೆಗಳ ಪಟ್ಟಿ ಕೊಟ್ಟು ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು, ಕೆಲವರ ಬಂಧನವೂ ಆಯಿತು. ಇಲ್ಲಿ ಸಂಘದ ಅಧ್ಯಕ್ಷ ಯಾರು? ಯಾರೂ ಇಲ್ಲ. ರಸೀದಿ ಪುಸ್ತಕ ಇದ್ದ ಕಾಲದಲ್ಲಿ ‘ಸಾಕು ನಿಲ್ಲಿಸ್ರಪ್ಪಾ’ ಅನ್ನಲು ಒಬ್ಬ ಹಿರಿಯನಾದರೂ ಇರುತ್ತಿದ್ದ. ಈಗ ಸ್ಟಾರ್ ಸ್ವತಃ ಕೈಮುಗಿದರೂ ಕೇಳುವ ಗ್ಯಾರಂಟಿ ಇಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಮೂವರು ಹುಡುಗರು ಸತ್ತರು. ಯಶ್ ಓಡೋಡಿ ಬಂದು ಆ ಮನೆಗಳ ಮುಂದೆ ನಿಂತು, ಈ ಥರದ ಅಭಿಮಾನ ಬೇಡ ಅಂತ ಕೇಳಿಕೊಂಡರು. ಕಟೌಟ್‌ಗಳೇನೂ ಕಡಿಮೆಯಾಗಲಿಲ್ಲ. ಕಟೌಟ್ ಈಗ ಊರಿನವರಿಗಾಗಿ ಮಾತ್ರ ನಿಲ್ಲುವುದಿಲ್ಲ, ರೀಲ್‌ಗಾಗಿ ನಿಲ್ಲುತ್ತದೆ.

ಸಂಸ್ಥೆಗಳಿಗೂ ಈ ವೇಗ ಕೈಮೀರಿದೆ. 2025ರ ಜೂನ್ 3ರಂದು ಆರ್‌ಸಿಬಿ 18ನೇ ಪ್ರಯತ್ನದಲ್ಲಿ ಐಪಿಎಲ್ ಗೆದ್ದಿತು. ಮರುದಿನ ಬೆಳಿಗ್ಗೆಯೇ ಬೆಂಗಳೂರಿಗೆ ಬನ್ನಿ ಅನ್ನುವ ಪೋಸ್ಟ್‌ಗಳು ತಂಡದ ಖಾತೆಗಳಲ್ಲಿ ಬಂದವು. ರಾಜ್ಯ ಸರ್ಕಾರ ಹೈಕೋರ್ಟ್‌ಗೆ ಕೊಟ್ಟ ವರದಿಯ ಪ್ರಕಾರ ಅವನ್ನು ನೋಡಿದ್ದು 44 ಲಕ್ಷ ಸಲ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಸುಮಾರು 35 ಸಾವಿರ ಜನಕ್ಕೆ ಜಾಗ. ಗೇಟಿನ ಬಳಿ ನೂಕುನುಗ್ಗಲಿನಲ್ಲಿ 11 ಜನ ಸತ್ತರು, ಹೆಚ್ಚಿನವರು ಯುವಕ ಯುವತಿಯರು. ಯಾರ ತಪ್ಪು ಅನ್ನುವ ವಾದ ಕೋರ್ಟು, ಆಯೋಗಗಳಲ್ಲಿ ನಡೆಯಿತು. ಹಿಂದೆ ಇಷ್ಟು ಜನ ಸೇರಿಸಬೇಕಾದರೆ ವಾರಗಟ್ಟಲೆ ಪೋಸ್ಟರ್, ಮೈಕ್ ಕಟ್ಟಿದ ಆಟೊ, ಪೊಲೀಸ್ ಪರವಾನಗಿ ಎಲ್ಲ ಬೇಕಿತ್ತು. ಆ ನಿಧಾನವೇ ಒಂದು ರಕ್ಷಣೆಯಾಗಿತ್ತು. ಪೋಸ್ಟ್ ಹಾಕಿದ ಕೆಲವೇ ಗಂಟೆಯಲ್ಲಿ ಜನ ಸೇರುತ್ತಾರೆ, ಬ್ಯಾರಿಕೇಡ್ ಅಷ್ಟು ಬೇಗ ಬರುವುದಿಲ್ಲ.

ತೀರಿಕೊಂಡವರ ದನಿ ಯಾರದು?

ಮುಂದಿನ ತಕರಾರು ಆಗಲೇ ಬಾಗಿಲಿಗೆ ಬಂದಿದೆ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ‘ಜೇಮ್ಸ್’ ಚಿತ್ರಕ್ಕೆ ಅವರ ಡಬ್ಬಿಂಗ್ ಮುಗಿದಿರಲಿಲ್ಲ. 2022ರ ಮಾರ್ಚ್ 17ಕ್ಕೆ ಬಿಡುಗಡೆಯಾದಾಗ ತಮ್ಮನ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಕೆಲವು ವಾರಗಳ ನಂತರ ತಂತ್ರಜ್ಞಾನದ ನೆರವಿನಿಂದ ಅಪ್ಪು ದನಿಯನ್ನೇ ಕೂರಿಸಿ ಮತ್ತೆ ಬಿಡುಗಡೆ ಮಾಡಿದರು. ಥಿಯೇಟರ್‌ನಲ್ಲಿ ಜನ ಅತ್ತರು. ಅದು ಕುಟುಂಬದ ಒಪ್ಪಿಗೆಯಿಂದ ಆದ ಕೆಲಸ, ಯಾರೂ ತಕರಾರು ತೆಗೆಯಲಿಲ್ಲ. ರಶ್ಮಿಕಾ ಮುಖ ಕದ್ದ ತಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಆ ಒಪ್ಪಿಗೆ ಮಾತ್ರ.

ಆ ಒಪ್ಪಿಗೆ ಕೊಡುವ ಹಕ್ಕು ಯಾರಿಗಿದೆ ಅನ್ನುವುದೇ ನಮ್ಮಲ್ಲಿ ಗಟ್ಟಿಯಾಗಿಲ್ಲ. ಬದುಕಿರುವವರಿಗೆ ಕೋರ್ಟುಗಳು ನೆರವಾಗಿವೆ. 2023ರ ಸೆಪ್ಟೆಂಬರ್‌ನಲ್ಲಿ ಅನಿಲ್ ಕಪೂರ್ ಅವರ ಹೆಸರು, ದನಿ, ಮುಖ, ಅವರದೇ ಆದ ಮಾತಿನ ಶೈಲಿಯನ್ನು ಅನುಮತಿ ಇಲ್ಲದೆ ಬಳಸಬಾರದು ಅಂತ ದೆಹಲಿ ಹೈಕೋರ್ಟ್ ಆದೇಶಿಸಿತು. ಆಮೇಲೆ ಹಲವು ನಟ ನಟಿಯರು ಅದೇ ದಾರಿ ಹಿಡಿದರು. ಆದರೆ ಅದೇ ವರ್ಷ ಜುಲೈನಲ್ಲಿ, ಸುಶಾಂತ್ ಸಿಂಗ್ ರಜಪೂತ್ ತಂದೆ ಹೂಡಿದ್ದ ದಾವೆಯಲ್ಲಿ ಅದೇ ಹೈಕೋರ್ಟ್ ಇಂಥ ಹಕ್ಕುಗಳು ವ್ಯಕ್ತಿಯ ಜೊತೆಗೇ ಮುಗಿಯುತ್ತವೆ, ವಾರಸುದಾರರಿಗೆ ಆಸ್ತಿಯಂತೆ ಬರುವುದಿಲ್ಲ ಅಂದಿತ್ತು.

ಹಾಗಾದರೆ ಕನ್ನಡಿಗರು ಅತಿ ಹೆಚ್ಚು ಪ್ರೀತಿಸುವ ಮುಖಗಳನ್ನು ನೆನಪಿಸಿಕೊಳ್ಳಿ. ರಾಜ್, ವಿಷ್ಣು, ಶಂಕರ್‌ನಾಗ್, ಅಂಬರೀಶ್, ಅಪ್ಪು. ಒಬ್ಬರೂ ಕೋರ್ಟಿಗೆ ಹೋಗಲಾರರು. ಅಣ್ಣಾವ್ರ ದನಿಯಲ್ಲಿ ಹೊಸ ಸಿನಿಮಾ ಹಾಡು ಹಾಡಿಸುವ ಎಐ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಆಗಲೇ ಓಡುತ್ತಿವೆ. ಮಾಡುತ್ತಿರುವವರು ಅಭಿಮಾನಿಗಳೇ, ಪ್ರೀತಿಯಿಂದಲೇ ಮಾಡುತ್ತಾರೆ. ಕೆಳಗೆ ಕಮೆಂಟ್‌ನಲ್ಲಿ ಜನ ಕಣ್ಣೀರಿನ ಇಮೋಜಿ ಹಾಕುತ್ತಾರೆ. ನಂದಿನಿ ಬಿಟ್ಟು ಬೇರೆ ಜಾಹೀರಾತಿಗೆ ನಿಲ್ಲದ ಆ ದನಿಯಿಂದ ನಾಳೆ ಯಾರೋ ಒಬ್ಬ ಸಾಲದ ಆ್ಯಪ್ ಹೊಗಳಿಸಿದರೆ ಅಥವಾ ಚುನಾವಣೆಯಲ್ಲಿ ವೋಟು ಕೇಳಿಸಿದರೆ, ತಡೆಯಲು ಕುಟುಂಬ ಯಾವ ಕಾನೂನನ್ನು ಹಿಡಿದುಕೊಂಡು ಹೋಗಬೇಕು? ಸಿನಿಮಾದವರ ಹಕ್ಕಿಗೆ ವಾಣಿಜ್ಯ ಮಂಡಳಿ ಇದೆ, ಸರ್ಕಾರದಲ್ಲಿ ಮಾತು ನಡೆಸುವವರಿದ್ದಾರೆ. ಟಿಕೆಟ್ ದರ, ಸಬ್ಸಿಡಿಯ ಬಗ್ಗೆ ಆಗಾಗ ಸಭೆ ಸೇರುತ್ತಾರೆ. ಮುಂದಿನ ಸಭೆಯ ಪಟ್ಟಿಯಲ್ಲಿ ಇದನ್ನೂ ಒಂದು ಸಾಲು ಸೇರಿಸಿಕೊಳ್ಳಬಹುದು.